ನರಸಮ್ಮನದಲ್ಲದ ಮುಖ

ಚಂದ್ರಾ ಲೇಔಟಿನ ಶಶಿ ಡಿಜಿಟಲ್ ಸ್ಟುಡಿಯೋದೊಳಗೆ ಕಪ್ಪಗೆ ಹೋದವರು ಯಾರೂ ಕಪ್ಪಗೆ ಹೊರಗೆ ಬಂದದ್ದಿಲ್ಲ. ಬಿಸಿಲಲ್ಲಿ ಲಾರಿ ಓಡಿಸುವವರು ಒಳಗೆ ಹೋಗಿ ದಂತವೈದ್ಯರ ಥರ ಬಂದಿದ್ದಾರೆ. ಒಬ್ಬ ಗಾರೆ ಮೇಸ್ತ್ರಿಯಂತೂ ತನ್ನ ಪಾಸ್‌ಪೋರ್ಟ್ ಸೈಜ್ ಫೋಟೋ ನೋಡಿ "ಇದು ಯಾರ್ದೋ ಕೊಟ್ಬಿಟ್ರಿ ಸಾರ್" ಎಂದು ವಾಪಸ್ ಕೊಟ್ಟು, ಕೌಂಟರಿನ ಮೇಲಿದ್ದ ಇನ್ನೊಬ್ಬರ ಫೋಟೋ ತೆಗೆದುಕೊಂಡು ಹೋಗಿ, ಅದನ್ನೇ ಸೊಸೈಟಿ ಮೆಂಬರ್ ಕಾರ್ಡಿಗೆ ಅಂಟಿಸಿಕೊಂಡನಂತೆ. ಇವತ್ತಿಗೂ ಸೊಸೈಟಿಯವರು ವಾರ್ಷಿಕ ಸಭೆಗೆ ಆ ಇನ್ನೊಬ್ಬರನ್ನೇ ಕರೆಯುತ್ತಾರೆ. ಅವರೂ ಹೋಗಿ ಉಪ್ಪಿಟ್ಟು ತಿಂದು ಬರುತ್ತಾರೆ.

ಸ್ಟುಡಿಯೋ ಮಾಲೀಕ ಶಶಿಕುಮಾರ್‌ಗೆ ಐವತ್ನಾಲ್ಕು ವರ್ಷ. ಇದರಲ್ಲಿ ತಪ್ಪೇನಿದೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಜನ ತಮ್ಮ ಮುಖ ತಂದು ಕೊಡುತ್ತಾರೆ, ಇವನು ರಿಪೇರಿ ಮಾಡಿ ಕೊಡುತ್ತಾನೆ, ಅಷ್ಟೆ.

ಆ ಬುಧವಾರ ಉಲ್ಲಾಳದ ಕಡೆಯಿಂದ ಸಿಟಿ ಬಸ್ಸಿನಲ್ಲಿ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಹೆಸರು ಅಮೂಲ್ಯಾ. ಕೆಲಸದ ಅರ್ಜಿಗೆ ಫೋಟೋ ಬೇಕಿತ್ತು.

"ಅಂಕಲ್, ಟಚಪ್ ಮಾಡ್ಬೇಡಿ. ಹೆಂಗಿದೀನೋ ಹಂಗೇ ಬರ್ಲಿ."

"ಹಂಗೇ ಅನ್ನೋ ಫೋಟೋ ಈ ಪ್ರಪಂಚದಲ್ಲೇ ಇಲ್ಲ ಕಣಮ್ಮ," ಎಂದ ಶಶಿಕುಮಾರ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಬರ್ತಾ ಮುಖಕ್ಕೆ ಪೌಡರ್ ಹಾಕ್ಕೊಂಡ್ಯಾ? ಅದು ಒಂದನೇ ಸುಳ್ಳು. ನಾನು ಲೈಟ್ ಹಾಕ್ದೆ, ಎರಡನೇದು. ಗಲ್ಲ ಎತ್ತು ಅಂದೆ, ಉಸ್ರು ಬಿಗಿ ಹಿಡಿ ಅಂದೆ. ನೀನೇನು ದಿನಾ ಗಲ್ಲ ಎತ್ಕೊಂಡು ಉಸ್ರು ಬಿಗಿ ಹಿಡ್ಕೊಂಡು ಓಡಾಡ್ತೀಯಾ? ಇಷ್ಟು ಸುಳ್ಳು ಆದ್ಮೇಲೆ ಒಂದು ಮಚ್ಚೆ ತೆಗೆದ್ರೆ ಏನಂತೆ?"

"ಪೌಡರ್ ನಾನು ಹಾಕ್ಕೊಂಡಿದ್ದು ಅಂಕಲ್. ಮಚ್ಚೆ ನೀವು ತೆಗೀತಿರೋದು. ಎರಡೂ ಒಂದೇನಾ?"

ಉತ್ತರ ಬರುವಷ್ಟರಲ್ಲಿ ಮಚ್ಚೆ ಹೋಗಿತ್ತು. ಅವನು ಬೇಕೆಂದು ಮಾಡಲಿಲ್ಲ. ನೊಣ ಕೂತರೆ ಹಸು ಬಾಲ ಬೀಸುವ ಹಾಗೆ, ಕಲೆ ಕಂಡರೆ ಅವನ ಕೈ ತಾನೇ ಹೋಗುತ್ತಿತ್ತು.

ಮೂಲೆಯ ಸ್ಟೂಲಿನ ಮೇಲೆ ಅವನ ತಾಯಿ ನರಸಮ್ಮ ಕೂತಿದ್ದಳು. ಎಪ್ಪತ್ತಾರು ವಯಸ್ಸು. ವರ್ಷದಿಂದೀಚೆಗೆ ಮರೆವು ಹತ್ತಿತ್ತು. ಸೊಸೆ ಶೋಭಾರಾಣಿ ಕೋಆಪರೇಟಿವ್ ಬ್ಯಾಂಕಿನಲ್ಲಿ ಕ್ಲರ್ಕು, ಮೊಮ್ಮಗಳು ರಂಜಿನಿಗೂ ಕೆಲಸ. ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ ಎಂದು ಶಶಿಕುಮಾರ್ ದಿನವೂ ಸ್ಟುಡಿಯೋಗೆ ಕರೆತರುತ್ತಿದ್ದ.

"ಆ ಹುಡುಗಿ ಮೂಗಿನ ಪಕ್ಕ ಮಚ್ಚೆ ಇತ್ತಲ್ಲ, ಎಲ್ಲೋಯ್ತು?" ಎಂದಳು ನರಸಮ್ಮ.

"ತೆಗ್ದೆ ಕಣಮ್ಮ."

"ತೆಗ್ದು ಎಲ್ಲಿಕ್ದೆ?"

ಅಮೂಲ್ಯಾ ನಕ್ಕಳು. ಶಶಿಕುಮಾರ್ ನಗಲಿಲ್ಲ. ಪ್ರಿಂಟರು ಫೋಟೋ ಉಗುಳಿತು.

ಮರುದಿನ, ಗುರುವಾರ, ಬೆಳಗ್ಗೆ ಹತ್ತೂವರೆಗೆ ಅವನು ಸ್ಕೂಲು ಮಕ್ಕಳ ಗ್ರೂಪ್ ಫೋಟೋದ ಮೇಲೆ ಬಗ್ಗಿದ್ದ. ಐವತ್ತೆಂಟು ಮುಖ. ಐವತ್ತೆಂಟನೇ ಮುಖ ಮುಗಿಸಿ ತಲೆ ಎತ್ತಿದಾಗ ಸ್ಟೂಲು ಖಾಲಿ ಇತ್ತು.

ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಮರೆವಿನ ಮುದುಕಿಯರಿಗೆ ಬೆಂಗಳೂರು ಬಹಳ ದೊಡ್ಡದಾಗಿತ್ತು. ನರಸಮ್ಮ ಬಸ್‌ಸ್ಟಾಪಿನಲ್ಲಿ ನಿಂತಿದ್ದನ್ನು ಹೂವಿನವಳು ನೋಡಿದ್ದಳು. ಯಾವ ಬಸ್ಸು ಹತ್ತಿದಳೋ ನೋಡಿರಲಿಲ್ಲ. ವಿಜಯನಗರ, ಮಾಗಡಿ ರಸ್ತೆ, ಹಿಂದೆ ಅವಳು ಊದುಬತ್ತಿ ಹೊಸೆಯಲು ಹೋಗುತ್ತಿದ್ದ ಶೆಡ್ಡು, ಎಲ್ಲ ಕಡೆ ಸಂಜೆಯವರೆಗೆ ಗಂಡ ಹೆಂಡತಿ ಸ್ಕೂಟರಿನಲ್ಲಿ ಸುತ್ತಿದರು. ಶೆಡ್ಡು ಇದ್ದ ಜಾಗದಲ್ಲಿ ಈಗ ಕಾರ್ ಷೋರೂಮ್ ಇತ್ತು. ಅಲ್ಲಿನ ಸೆಕ್ಯೂರಿಟಿಯವನು, "ಇಲ್ಲಿಗೆ ಅಂಥವ್ರು ಯಾರೂ ಬರಲ್ಲ ಸಾರ್," ಎಂದ.

ಶುಕ್ರವಾರ ಬೆಳಗ್ಗೆ ಪೊಲೀಸರಿಗೂ ಗೋಡೆಗೂ ಫೋಟೋ ಬೇಕಾಯಿತು. ಶಶಿಕುಮಾರ್ ಕಂಪ್ಯೂಟರಿನ ಮುಂದೆ ಕೂತು, ಮೂರು ತಿಂಗಳ ಹಿಂದೆ ತಾನೇ ತೆಗೆದ ಮನೆಯವರ ಗ್ರೂಪ್ ಫೋಟೋ ಹುಡುಕಿದ. ರಂಜಿನಿಗೆ ನಂದಿನಿ ಲೇಔಟಿನ ಚನ್ನಕೇಶವ ಅವರ ಮಗನ ಜೊತೆ ಮಾತುಕತೆ ನಡೆದಾಗ ಹುಡುಗನ ಕಡೆಗೆ ಕಳಿಸಿದ ಫೋಟೋ ಅದು. ಅದರಲ್ಲಿ ನರಸಮ್ಮನನ್ನು ಅವನು ಬಹಳ ಶ್ರದ್ಧೆಯಿಂದ ರಿಪೇರಿ ಮಾಡಿದ್ದ. ಹಣೆಯ ಹಚ್ಚೆ ಹೋಗಿತ್ತು, ಕೆನ್ನೆಯ ಸಿಡುಬಿನ ಗುಳಿ ಹೋಗಿದ್ದವು, ಉದುರಿದ ಎರಡು ಹಲ್ಲು ಬಂದಿದ್ದವು. ಬಣ್ಣವಂತೂ ಹಾಲಿಗೆ ಚಿಟಿಕೆ ಅರಿಶಿನ ಹಾಕಿದಂತಿತ್ತು.

ಹಿಂದೆ ನಿಂತಿದ್ದ ಶೋಭಾರಾಣಿ ಅದನ್ನೇ ತೋರಿಸಿದಳು. "ಇದೇ ಹಾಕಿ."

"ಇದು ಸ್ವಲ್ಪ ಜಾಸ್ತಿ ಆಗಿದೆ ಅನ್ಸತ್ತೆ ಕಣೇ."

"ಬೀಗರಿಗೆ ಕಳ್ಸಿರೋದು ಇದೇ ರೀ. ಈಗ ಗೋಡೆಗೋಡೆಗೂ ಬೇರೆ ಥರ ಅಂಟಿಸಿದ್ರೆ? ಅಜ್ಜಿ ಬಣ್ಣ ನಾಳೆ ತಮ್ಮ ಮೊಮ್ಮಕ್ಕಳಿಗೆ ಬರತ್ತೆ ಅಂತ ಲೆಕ್ಕ ಹಾಕೋ ಜನ. ನನ್ನ ನೋಡಕ್ಕೆ ಬಂದೋರು ಮೂರು ಮನೆಯೋರು, ಕಾಫಿ ಲೋಟ ಕೆಳಗಿಡೋ ಮುಂಚೆ ಎದ್ದು ಹೋದ್ರು. ನನ್ನ ಮಗಳಿಗೆ ಅದು ಆಗ್ಬಾರ್ದು." ಅವಳ ಕಣ್ಣು ಊದಿತ್ತು. ರಾತ್ರಿಯಿಡೀ ಅತ್ತಿದ್ದಳು. ಅತ್ತೆಗಾಗಿ ಅತ್ತಿದ್ದೂ ನಿಜ, ಈ ಮಾತು ಹೇಳಿದ್ದೂ ನಿಜ.

ಶಶಿಕುಮಾರ್ ಒಪ್ಪಿದ. ಒಪ್ಪಿದ್ದು ಹೋಗಲಿ, ಪೋಸ್ಟರಿಗೆ ಮುಖ ದೊಡ್ಡದು ಮಾಡುವಾಗ ಕಣ್ಣಿನ ಕೆಳಗೆ ಉಳಿದಿದ್ದ ಒಂದು ಸುಕ್ಕು ಕಾಣಿಸಿತು. ಅದನ್ನೂ ತೆಗೆದ.

ಕಾಣೆಯಾಗಿದ್ದಾರೆ ಎಂಬ ಕೆಂಪು ಅಕ್ಷರದ ಕೆಳಗೆ ಮಂದಹಾಸ ಬೀರುತ್ತಿದ್ದ ಆ ಹೆಂಗಸು ಶುಕ್ರವಾರ ಸಂಜೆಯೊಳಗೆ ವಿಜಯನಗರದಿಂದ ಕೆಂಗೇರಿಯವರೆಗೆ ಕಂಬಕಂಬದಲ್ಲಿ, ದರ್ಶಿನಿಗಳ ಕೈತೊಳೆಯುವ ಜಾಗದಲ್ಲಿ, ಮೆಟ್ರೋ ಪಿಲ್ಲರುಗಳ ಬುಡದಲ್ಲಿ ಪ್ರತ್ಯಕ್ಷಳಾದಳು. ಶಶಿಕುಮಾರನ ಫೋನು ಬಡಿದುಕೊಳ್ಳತೊಡಗಿತು.

ಬಸವೇಶ್ವರನಗರದ ಪಾರ್ಕಿನಲ್ಲಿ ನೋಡಿದೆ ಎಂದರು. ರಾಜಾಜಿನಗರದ ದೇವಸ್ಥಾನದಲ್ಲಿ ಕುಂಕುಮಾರ್ಚನೆ ಮಾಡಿಸುತ್ತಿದ್ದಾರೆ ಎಂದರು. ಒಬ್ಬರು, ಸಿಲ್ಕ್ ಸೀರೆ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದಾರೆ, ಬೇಗ ಬನ್ನಿ, ಬಿಲ್ ಮಾಡಿಸುತ್ತಿದ್ದಾರೆ ಎಂದರು. ಪ್ರತಿ ಕರೆಗೂ ಶಶಿಕುಮಾರ್ ಸ್ಕೂಟರ್ ಓಡಿಸಿದ. ಪ್ರತಿ ಜಾಗದಲ್ಲೂ ಒಬ್ಬ ಬೆಳ್ಳಗಿನ, ನುಣ್ಣಗಿನ, ತುಂಬುಹಲ್ಲಿನ ಮುದುಕಿ ಇರುತ್ತಿದ್ದಳು. ಇವನ ಅಮ್ಮ ಇರುತ್ತಿರಲಿಲ್ಲ. ಶನಿವಾರ ಬೆಳಗ್ಗೆಯ ಹೊತ್ತಿಗೆ ಹುಟ್ಟೇ ಇರದ ಹೆಂಗಸೊಬ್ಬಳು ಹದಿನೇಳು ಕಡೆ ಕಾಣಿಸಿಕೊಂಡಿದ್ದಳು. ಹೆತ್ತ ತಾಯಿ ಒಂದು ಕಡೆಯೂ ಕಂಡಿರಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಕಂಬದ ಮೇಲಿನ ಆ ಮುಖ ತನ್ನನ್ನೇ ನೋಡುತ್ತಿದೆ ಅನ್ನಿಸಿ, ಶಶಿಕುಮಾರ್ ಹಸಿರು ಬೀಳುವ ಮೊದಲೇ ಗಾಡಿ ಬಿಟ್ಟ.

ಹನ್ನೊಂದು ಗಂಟೆಗೆ ಸ್ಟುಡಿಯೋದ ಗಾಜಿನ ಬಾಗಿಲು ತಳ್ಳಿಕೊಂಡು ಆ ಮುಖವೇ ಒಳಗೆ ಬಂತು.

ಅದೇ ಬಣ್ಣ, ಅದೇ ಹಣೆ, ಅದೇ ಹಲ್ಲು. ಶಶಿಕುಮಾರ್ ಕುರ್ಚಿಯಿಂದ ಎದ್ದವನು ಗೋಡೆಗೆ ಬೆನ್ನು ಕೊಟ್ಟು ನಿಂತ.

"ನೀವೇ ಏನ್ರಿ ಶಶಿಕುಮಾರ್?" ಎಂದಿತು ಮುಖ. "ನಾನು ಜಲಜಾ. ರಿಟೈರ್ಡ್ ಹೆಡ್‌ಮಿಸ್ಟ್ರೆಸ್, ಬಸವೇಶ್ವರನಗರ. ನಾನು ಯಾವತ್ತು ಕಳೆದುಹೋದೆ ಅಂತ ಸ್ವಲ್ಪ ಹೇಳ್ತೀರಾ?"

ಕೈಯಲ್ಲಿದ್ದ ಪೋಸ್ಟರನ್ನು ಕೌಂಟರಿನ ಮೇಲೆ ಬಡಿದರು.

"ನಿನ್ನೆಯಿಂದ ನಾಲ್ಕು ಸಲ ನನ್ನ ಹಿಡಿದಿದಾರೆ. ಒಬ್ಬ ಆಟೋದವ್ನು, ಬನ್ನಿ ಅಜ್ಜಿ ನಿಮ್ಮ ಮಗ ಅಳ್ತಾವ್ನೆ ಅಂತ ಕೈ ಹಿಡಿದು ಎಳೆದ. ನನಗೆ ಮಗನೇ ಇಲ್ಲ ಕಣಪ್ಪ ಅಂದ್ರೆ, ಅಯ್ಯೋ ಪಾಪ ಪೂರ್ತಿ ಮರ್ತಿದಾರೆ ಅಂದ. ವಾಕಿಂಗ್ ಗ್ರೂಪಿನೋರು ಬಂದು ಬಿಡಿಸಿದ್ರು. ನನ್ನ ಫೋಟೋ ನಿಮಗೆಲ್ಲಿ ಸಿಕ್ತು?"

"ಇದು ನಿಮ್ಮ ಫೋಟೋ ಅಲ್ಲ ಮೇಡಂ. ನಮ್ಮಮ್ಮನ್ದು."

ಜಲಜಾ ಪೋಸ್ಟರ್ ನೋಡಿದರು. ಶಶಿಕುಮಾರನ ಮುಖ ನೋಡಿದರು. ಅದು ಊದುಬತ್ತಿ ಹೊಸೆದವಳ ಮಗನ ಮುಖ, ಗಾಢವಾದ ಕಪ್ಪು. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದ ಹೆಂಗಸಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಿಮ್ಮಮ್ಮ ನಿಜವಾಗ್ಲೂ ಹಿಂಗಿದಾರಾ?"

ಶಶಿಕುಮಾರ್ ಪೋಸ್ಟರನ್ನು ಬೋರಲು ಹಾಕಿದ.

"ಎಷ್ಟು ದಿನ ಆಯ್ತು ಹೋಗಿ?"

"ಇವತ್ತಿಗೆ ಮೂರನೇ ದಿನ."

"ನಿನ್ನೆಯಿಂದ ಊರೆಲ್ಲ ಸೇರಿ ನನ್ನ ಹುಡುಕ್ತಾ ಇದೀರ," ಎಂದರು ಜಲಜಾ. ಸಿಟ್ಟು ಇಳಿದು, ದನಿ ತಣ್ಣಗಾಗಿತ್ತು. "ಅವರನ್ನ ಯಾರೂ ಹುಡುಕ್ತಾನೇ ಇಲ್ಲ. ನಡೀರಿ, ಸ್ಟೇಷನ್‌ಗೆ ಹೋಗೋಣ."

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಮುನಿರಾಮಯ್ಯ ಜಲಜಾರನ್ನು ನೋಡಿದವನೇ ಎದ್ದು ನಿಂತು, "ಸಿಕ್ಬುಟ್ರಾ!" ಎಂದ. ಅವರು ಕಣ್ಣು ಬಿಟ್ಟ ರೀತಿಗೆ ಮತ್ತೆ ಕೂತ. ವಿಷಯ ಕೇಳಿ ಪೆನ್ನು ತೆಗೆದುಕೊಂಡ.

"ಸರಿ ಸಾರ್, ಹೇಳಿ. ಅಸಲಿಗೆ ಹೆಂಗಿದಾರೆ? ನಾವಿಲ್ಲಿ ಗೋಧಿ ಬಣ್ಣಕ್ಕಿಂತ ಬಿಳಿ ಅಂತ ಬರ್ಕೊಂಡಿದೀವಿ."

"ಕಪ್ಪು," ಎಂದ ಶಶಿಕುಮಾರ್. ಆ ಪದ ಹೇಳುವಾಗ ಠಾಣೆಯಲ್ಲಿ ಯಾರಾದರೂ ಕೇಳಿಸಿಕೊಂಡರೋ ಎಂದು ಅತ್ತಿತ್ತ ನೋಡಿದ. "ಹಲ್ಲು ಎರಡು ಇಲ್ಲ. ಹಣೆ ಮೇಲೆ ಹಚ್ಚೆ ಇದೆ."

ಮುನಿರಾಮಯ್ಯನ ಪೆನ್ನು ನಿಂತಿತು. ಬರೆಯುತ್ತಿದ್ದ ಪುಸ್ತಕ ಮುಚ್ಚಿ, ಡ್ರಾಯರಿನಿಂದ ಇನ್ನೊಂದನ್ನು ತೆಗೆದ. ಒಂದೊಂದೇ ಹಾಳೆ ತಿರುವಿದ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು.

"ಹಣೆ ಮೇಲೆ ಹಚ್ಚೆ," ಎಂದು ಓದಿದ. "ಕಪ್ಪು ಮೈಬಣ್ಣ. ಸುಮಾರು ಎಪ್ಪತ್ತೈದು ವರ್ಷ. ಗುರುವಾರ ಮಧ್ಯಾಹ್ನ, ರಸ್ತೆ ದಾಟುವಾಗ." ತಲೆ ಎತ್ತಿದ. "ಗಾಬರಿ ಆಗ್ಬೇಡಿ ಸಾರ್. ಒಂದು ಸಲ ನೋಡ್ಬುಟ್ಟು ಬರೋಣ."

"ಗುರುವಾರದಿಂದ ಇದ್ರೆ ನನಗ್ಯಾಕೆ ಹೇಳ್ಲಿಲ್ಲ?" ಶಶಿಕುಮಾರನ ದನಿ ಕೀರಲಾಯಿತು.

"ಯಾರ್ದು ಅಂತ ಹೇಳದು ಸಾರ್? ನೀವು ಕೊಟ್ಟಿರೋ ಫೋಟೋ ಪಕ್ಕದಲ್ಲಿ ಇಟ್ಕೊಂಡೇ ನೋಡಿದೀವಿ. ಒಂದಕ್ಕೊಂದು ಸಂಬಂಧಾನೇ ಇರ್ಲಿಲ್ಲ."

ಆಸ್ಪತ್ರೆಯ ಹಿಂಬದಿಯ ಆ ಕಟ್ಟಡಕ್ಕೆ ಕಿಟಕಿಗಳು ಕಡಿಮೆ. ಜಲಜಾ ಹೊರಗೆ ಬೆಂಚಿನ ಮೇಲೆ ಕೂತರು. ಶಶಿಕುಮಾರ್ ಮುನಿರಾಮಯ್ಯನ ಹಿಂದೆ ನಡೆದ. ಒಳಗಿನವನು ಬಟ್ಟೆಯ ತುದಿ ಹಿಡಿದು, "ನೋಡ್ಕೊಳಿ," ಎಂದು ಸರಿಸಿದ.

ಕಪ್ಪು ಮುಖ. ಹಣೆಯ ಮೇಲೆ ಹಸಿರು ಹಚ್ಚೆ. ಪಕ್ಕದಲ್ಲಿ ನರೆತ ಕೂದಲು.

ಒಂದು ಗಳಿಗೆ ಶಶಿಕುಮಾರನಿಗೆ ಎಲ್ಲ ಮುಗಿಯಿತು. ಅಮ್ಮನ ಕಾಲು ಹಿಡಿಯಲು ಬಗ್ಗಿದವನಿಗೆ ಹಚ್ಚೆ ಹತ್ತಿರದಿಂದ ಕಾಣಿಸಿತು. ಅದು ತುಳಸಿ ಗಿಡದ ಆಕಾರ. ಅವನ ಅಮ್ಮನದು ಮೂರು ಚುಕ್ಕಿ, ಕೆಳಗೊಂದು ಗೆರೆ. ಮೂರು ಚುಕ್ಕಿಯಲ್ಲಿ ನಡುವಿನದು ಸ್ವಲ್ಪ ಮೇಲೆ. ಎಷ್ಟು ಸಲ ಅಳಿಸಿರಲಿಲ್ಲ ಅದನ್ನು!

"ಅಲ್ಲ," ಎಂದ. ಗೋಡೆ ಹಿಡಿದುಕೊಂಡ. "ಇವರಲ್ಲ."

"ದೇವ್ರು ದೊಡ್ಡೋನು ಬುಡಿ," ಎಂದು ಮುನಿರಾಮಯ್ಯ ಅವನ ಭುಜ ತಟ್ಟಿದ.

ಆದರೆ ಶಶಿಕುಮಾರ್ ಅಲ್ಲಿಂದ ಕದಲಲಿಲ್ಲ. ಈ ಹೆಂಗಸಿನ ಮನೆಯವರೂ ಎಲ್ಲೋ ಹುಡುಕುತ್ತಿರಬೇಕು. ಅವರೂ ಒಂದು ಫೋಟೋ ಕೊಟ್ಟಿರಬೇಕು. ಆ ಫೋಟೋದಲ್ಲಿ ಇವಳು ಬೆಳ್ಳಗೆ, ಹಚ್ಚೆಯಿಲ್ಲದೆ, ಮುಗುಳ್ನಗುತ್ತಿದ್ದರೆ? ಅದರ ಹಿಂಬದಿಯಲ್ಲಿ ತನ್ನ ಸ್ಟುಡಿಯೋದ ಸೀಲು ಇದ್ದರೆ? ಒಳಗಿನವನು ಬಟ್ಟೆ ಮುಚ್ಚಿ, "ಆಯ್ತಾ ಸಾರ್?" ಎಂದು ಎರಡು ಸಲ ಕೇಳಬೇಕಾಯಿತು.

"ಟಚಿಂಗು ಗಿಚಿಂಗು ಇಲ್ದಿರೋ ಒಂದೇ ಒಂದು ಒರಿಜಿನಲ್ ಫೋಟೋ ತಂದ್ಕೊಡಿ ಸಾರ್," ಎಂದು ಮುನಿರಾಮಯ್ಯ ಗೇಟಿನ ಬಳಿ ಹೇಳಿದ. "ಸಂಜೆಯೊಳಗೆ ಎಲ್ಲ ಸ್ಟೇಷನ್‌ಗೂ ಕಳ್ಸಾನ."

ಹೇಳುವುದು ಸುಲಭ. ಮನೆಗೆ ಬಂದು ಬೀರು, ಟ್ರಂಕು, ಅಟ್ಟ ಎಲ್ಲ ಬಗೆದರು. ನರಸಮ್ಮನ ಮದುವೆಯ ಕಪ್ಪುಬಿಳುಪು ಫೋಟೋ ಸಿಕ್ಕಿತು. ಆ ಕಾಲದ ಸ್ಟುಡಿಯೋದವನು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿ, ಪ್ರಿಂಟಿನ ಮೇಲೆ ಕೆನ್ನೆಗೆ ಗುಲಾಬಿ ಬಣ್ಣ ಬಳಿದಿದ್ದ. ಗಂಡ ಹನುಮಂತಯ್ಯ ತೀರಿಕೊಳ್ಳುವ ಮೊದಲು ಜೋಡಿಯಾಗಿ ತೆಗೆಸಿದ್ದು ಸಿಕ್ಕಿತು. ಅದು ಶಶಿಕುಮಾರ್ ಕೆಲಸ ಕಲಿತ ಹೊಸದರಲ್ಲಿ ತಿದ್ದಿದ್ದು. ಉತ್ಸಾಹದಲ್ಲಿ ಅಮ್ಮನ ಮೂಗನ್ನೂ ಸಣ್ಣ ಮಾಡಿದ್ದ. ಆಧಾರ್ ಕಾರ್ಡು ಅವಳ ಎಲೆಅಡಿಕೆ ಸಂಚಿಯಲ್ಲಿ ಅವಳ ಜೊತೆಗೇ ಹೋಗಿತ್ತು. ಮನೆಯಲ್ಲಿದ್ದದ್ದು ಜೆರಾಕ್ಸಿನ ಜೆರಾಕ್ಸು, ಮುಖದ ಜಾಗದಲ್ಲಿ ಮಸಿಯ ಚೌಕ. ನೆಂಟರ ಮದುವೆ ಆಲ್ಬಮ್ಮುಗಳನ್ನು ಬೇರೆ ಸ್ಟುಡಿಯೋದವರು ಮಾಡಿದ್ದರು, ಅವರೂ ಇದೇ ಕಸುಬಿನವರು. ಶೋಭಾರಾಣಿಯ ಫೋನಿನ ಕ್ಯಾಮೆರಾ ಯಾರೂ ಹೇಳದೆ ತಾನೇ ಮುಖ ನುಣ್ಣಗೆ ಮಾಡುವಂಥದ್ದು. ರಂಜಿನಿಯ ಫೋನಿನಲ್ಲಿ ಅಜ್ಜಿಯ ನಲವತ್ತು ಫೋಟೋ ಇದ್ದವು; ನಲವತ್ತರಲ್ಲೂ ಅಜ್ಜಿಗೆ ಬೆಕ್ಕಿನ ಕಿವಿ.

"ಅಪ್ಪ, ನಿಮ್ಮ ಕಂಪ್ಯೂಟರಲ್ಲಿ ಒರಿಜಿನಲ್ ಫೈಲ್ ಇರಲ್ವಾ?" ಎಂದಳು ರಂಜಿನಿ.

"ಟಚ್ ಮಾಡಿದ್ಮೇಲೆ ಒರಿಜಿನಲ್ ಡಿಲೀಟ್ ಮಾಡ್ತೀನಮ್ಮ. ಯಾವತ್ತೂ ಯಾರೂ ಒರಿಜಿನಲ್ ಕೇಳ್ಕೊಂಡು ಬಂದಿಲ್ಲ."

ನೆಲದ ಮೇಲೆ ಐವತ್ತೈದು ವರ್ಷದ ಫೋಟೋಗಳು ಹರಡಿ ಬಿದ್ದಿದ್ದವು. ನಡುವೆ ಮೂವರು ಕೂತಿದ್ದರು. ನರಸಮ್ಮನ ಮುಖ ಇಷ್ಟೊಂದಿತ್ತು, ನರಸಮ್ಮ ಒಂದರಲ್ಲೂ ಇರಲಿಲ್ಲ. ಅವಳು ಗುರುವಾರ ಕಳೆದುಹೋದಳು ಎಂದು ದೂರು ಬರೆಸಿದ್ದು ಕೂಡ ಪೂರ್ತಿ ನಿಜವಲ್ಲ ಎಂದು ಶಶಿಕುಮಾರನಿಗೆ ಅನ್ನಿಸಿತು. ಈ ಮನೆಯಲ್ಲಿ ಅವಳನ್ನು ಮದುವೆಯ ದಿನದಿಂದ ಚೂರುಚೂರಾಗಿ ಕಳೆಯುತ್ತ ಬಂದಿದ್ದರು.

ಅವನು ಎದ್ದ. "ಬಾ, ಸ್ಟುಡಿಯೋಗೆ," ಎಂದ ಹೆಂಡತಿಗೆ.

ಪೋಸ್ಟರಿನ ಮುಖವನ್ನೇ ಮತ್ತೆ ತೆರೆದ. ಕಣ್ಣಿನ ಕೆಳಗಿನ ಸುಕ್ಕಿನಿಂದ ಶುರು ಮಾಡಿದ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವನ ಕೈಗೆ ಗೊತ್ತಿತ್ತು. ಎಡಹುಬ್ಬನ್ನು ಎರಡು ತುಂಡು ಮಾಡಿದ ಗಾಯ, ನಲ್ಲಿ ಜಗಳದಲ್ಲಿ ಬಿಂದಿಗೆ ತಗುಲಿದ್ದು. ದವಡೆಯ ಮೇಲೆ ಎರಡು ಬೆರಳಗಲ ಸುಟ್ಟ ಕಲೆ, ಇವನ ಹತ್ತನೇ ಕ್ಲಾಸಿನ ಪರೀಕ್ಷೆಯ ದಿನ ಸೀಮೆಎಣ್ಣೆ ಸ್ಟವ್ ಸಿಡಿದದ್ದು. ಎಡಕೆನ್ನೆಯ ಸಿಡುಬಿನ ಗುಳಿ ಹನ್ನೊಂದು, ಬಲಕೆನ್ನೆಯದು ಏಳು. ಹಲ್ಲು ಎರಡು ಕಿತ್ತ. ಹಣೆಯ ಮೇಲೆ ಮೂರು ಚುಕ್ಕಿ ಇಟ್ಟು, ನಡುವಿನದನ್ನು ಸ್ವಲ್ಪ ಮೇಲೆ ಸರಿಸಿದ. ಪ್ರಪಂಚದಲ್ಲಿ ಯಾವ ಮಗನಿಗೂ ತಾಯಿಯ ಮುಖದ ಕಲೆಗಳು ಇಷ್ಟು ನಿಖರವಾಗಿ ಗೊತ್ತಿರಲಾರವು. ಅಳಿಸಿದವನಿಗೇ ಅವುಗಳ ವಿಳಾಸ ಗೊತ್ತಿರುವುದು.

ಬಣ್ಣಕ್ಕೆ ಬಂದಾಗ ಕೈ ನಿಂತಿತು.

"ಯಾಕ್ರಿ?"

"ಬಣ್ಣ ಗೊತ್ತಾಗ್ತಿಲ್ಲ ಕಣೇ. ಅದೊಂದು ನೋಡೇ ಇಲ್ಲ ನಾನು. ಮೊದ್ಲು ಅದನ್ನೇ ತೆಗೀತಿದ್ದೆ."

ಶೋಭಾರಾಣಿ ಬಲಗೈಯ ಬಳೆ ಮೇಲಕ್ಕೆ ಸರಿಸಿ, ಮೊಣಕೈಯಿಂದ ಮುಂಗೈವರೆಗೆ ಮೇಜಿನ ಮೇಲೆ, ಬೆಳಕಿನ ಕೆಳಗೆ ಇಟ್ಟಳು.

"ಇದು ತೊಗೊಳಿ. ಅತ್ತೆದೂ ನಂದೂ ಒಂದೇ ಬಣ್ಣ. ಮದುವೆ ಆದ ಹೊಸದ್ರಲ್ಲಿ ಅವ್ರೇ ಪಕ್ಕಪಕ್ಕ ಇಟ್ಟು ನೋಡಿದ್ರು. ನಂಗೊಬ್ಳು ಜೊತೆ ಸಿಕ್ಳು ಅಂತ ನಕ್ಕಿದ್ರು."

ಅವನು ಆ ಕೈಯ ಫೋಟೋ ತೆಗೆದ. ಪೌಡರಿಲ್ಲ, ಗಲ್ಲ ಎತ್ತುವುದಿಲ್ಲ. ಆ ಬಣ್ಣವನ್ನು ತೆಗೆದು ಮುಖಕ್ಕೆ ಹಾಕಿದ.

ತೆರೆಯಿಂದ ನರಸಮ್ಮ ಇಬ್ಬರನ್ನೂ ನೋಡಿದಳು. ಶೋಭಾರಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪ್ರಿಂಟು ಬರುತ್ತಿರುವಾಗ ಅವಳೇ ಫೋನ್ ತೆಗೆದು ಆ ಮುಖವನ್ನು ಬೀಗರ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ಬರೆದಳು: ಇವರು ನಮ್ಮ ಅತ್ತೆ. ಮೊದಲು ಕಳಿಸಿದ ಫೋಟೋ ಸರಿಯಿಲ್ಲ. ದಯವಿಟ್ಟು ಇದನ್ನು ಎಲ್ಲರಿಗೂ ಕಳಿಸಿ.

ನೋಡಿದವರ ಪಟ್ಟಿಯಲ್ಲಿ ಒಂದರ ಹಿಂದೆ ಒಂದು ಹೆಸರು ಬಂದವು. ಚನ್ನಕೇಶವ ನೋಡಿದರು, ಅವರ ಹೆಂಡತಿ ನೋಡಿದರು, ಹುಡುಗ ನೋಡಿದ. ಯಾರೂ ಒಂದಕ್ಷರ ಬರೆಯಲಿಲ್ಲ. ಶೋಭಾರಾಣಿ ಫೋನನ್ನು ಬ್ಯಾಗಿಗೆ ಹಾಕಿ, ಅಂಟಿನ ಡಬ್ಬ ಕೈಗೆತ್ತಿಕೊಂಡಳು.

ಠಾಣೆಯಲ್ಲಿ ಮುನಿರಾಮಯ್ಯ ಹೊಸ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಇದು ಒರಿಜಿನಲ್ಲಾ ಸಾರ್?"

"ಅಲ್ಲ. ಪೂರ್ತಿ ನಾನೇ ಮಾಡಿದ್ದು. ಇದ್ರಲ್ಲಿ ಕ್ಯಾಮೆರಾದ್ದು ಏನೂ ಉಳ್ದಿಲ್ಲ," ಎಂದ ಶಶಿಕುಮಾರ್. "ಆದ್ರೆ ಹಿಂಗೇ ಇದಾರೆ."

ಮುನಿರಾಮಯ್ಯನಿಗೆ ಈ ತರ್ಕ ಎಲ್ಲಿ ಬರೆದುಕೊಳ್ಳಬೇಕೋ ತಿಳಿಯಲಿಲ್ಲ. ಪೊಲೀಸ್ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಫೋಟೋವನ್ನು ಎಲ್ಲ ಕಡೆಗೂ ಕಳಿಸಿದ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಕೆಂಗೇರಿಯಿಂದ ಫೋನು ಬಂತು. ಕಸ ಗುಡಿಸುವ ಕುಸುಮಾ ಎಂಬಾಕೆ.

"ಸಾರ್, ಈಗ ವಾಟ್ಸಾಪಲ್ಲಿ ಬಂದಿರೋ ಅಜ್ಜಿ ಇಲ್ಲೇ ಅವ್ರೆ, ಬಸ್‌ಸ್ಟಾಂಡ್ ಹಿಂದ್ಗಡೆ ಕಾಂಪೌಂಡ್ ಹತ್ರ. ಗುರುವಾರದಿಂದ ಇಲ್ಲೇ ಅವ್ರೆ. ದಿನಾ ನಾನೇ ಟೀ ಬನ್ನು ಕೊಡ್ತಾ ಇವ್ನಿ."

"ಗುರುವಾರದಿಂದ? ಪೋಸ್ಟರ್ ನೋಡ್ಲಿಲ್ವಾ ನೀವು?"

"ನೋಡ್ದೆ ಸಾರ್. ಅದು ಯಾರೋ ದೊಡ್ಡ ಮನೆ ಯಮ್ಮ ಅಲ್ವಾ?"

ಸ್ಕೂಟರ್ ನಿಲ್ಲಿಸಿ ಶಶಿಕುಮಾರ್ ಓಡಿದ. ಕಾಂಪೌಂಡಿನ ಬುಡದಲ್ಲಿ, ಹರಿದ ರಟ್ಟಿನ ಮೇಲೆ, ಮಂಡಿಗೆ ಗಲ್ಲ ಊರಿ ನರಸಮ್ಮ ಕೂತಿದ್ದಳು. ನಾಲ್ಕು ದಿನದ ಬಿಸಿಲಿಗೆ ತುಟಿ ಒಡೆದಿತ್ತು. ಕಾಲು ಊದಿತ್ತು. ಅವಳ ತಲೆಯ ಮೇಲೆ, ಒಂದು ಗೇಣು ದೂರದಲ್ಲಿ, ಶುಕ್ರವಾರ ಅವನೇ ಅಂಟಿಸಿ ಹೋಗಿದ್ದ ಪೋಸ್ಟರು ಮಂದಹಾಸ ಬೀರುತ್ತಿತ್ತು. ಅಂಟಿಸಿದ ಆ ಸಂಜೆ ಅವಳು ಎಲ್ಲಿದ್ದಳು? ಹತ್ತು ಹೆಜ್ಜೆ ಆಚೆ ನೀರಿನ ನಲ್ಲಿಯ ಹತ್ತಿರವೋ, ಕಂಬದ ಹಿಂದೆಯೋ? ಇವನ ಕಣ್ಣಿಗೆ ಬಿದ್ದಿದ್ದಳೋ ಏನೋ. ಅದನ್ನು ಯೋಚಿಸುವ ಧೈರ್ಯ ಅವನಿಗಾಗಲಿಲ್ಲ.

"ಅಮ್ಮ."

ನರಸಮ್ಮ ತಲೆ ಎತ್ತಿದಳು. ಮಗನನ್ನು ಗುರುತಿಸಲಿಲ್ಲ. "ಬಂದ್ರಾ? ಈಯಮ್ಮನ ಕಡೆಯೋರಾ ನೀವು?" ಎಂದು ಪೋಸ್ಟರನ್ನು ತೋರಿಸಿದಳು.

ಪೊರಕೆ ಹಿಡಿದು ನಿಂತಿದ್ದ ಕುಸುಮಾ ಹೇಳಿದಳು: "ಕರುದ್ರೂ ಏಳಲ್ಲ ಸಾರ್. ಈ ಫೋಟೋದ ಯಮ್ಮನ ಮನೆಯೋರು ಬತ್ತಾರೆ, ಅವ್ರಿಗೊಂದು ಮಾತು ಹೇಳ್ಬೇಕು ಅಂತ ಕಾಯ್ತಾ ಕುಂತವ್ರೆ."

ಶಶಿಕುಮಾರ್ ಅವಳ ಮುಂದೆ ನೆಲದ ಮೇಲೆ ಕೂತ. "ಏನು ಹೇಳ್ಬೇಕಿತ್ತಮ್ಮ?"

"ಈ ಕಡೆ ಬಂದಿಲ್ಲಪ್ಪ ಅವಳು," ಎಂದಳು ನರಸಮ್ಮ, ಬಹಳ ಜವಾಬ್ದಾರಿಯಿಂದ. "ನಾನು ನೋಡ್ತಾನೇ ಇವ್ನಿ. ಇಷ್ಟು ಬೆಳ್ಳಗಿರೋ ಯಮ್ಮ ಯಾರೂ ಬಂದಿಲ್ಲ. ಇಲ್ಲಿ ಹುಡುಕಿ ಟೈಮು ಹಾಳು ಮಾಡ್ಕೋಬೇಡಿ."

ಅವನು ಬ್ಯಾಗಿನಿಂದ ಹೊಸ ಪೋಸ್ಟರ್ ತೆಗೆದು ಅವಳ ಕೈಗೆ ಕೊಟ್ಟ. ನರಸಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಅವಳ ಹೆಬ್ಬೆರಳು ಚಿತ್ರದ ಹುಬ್ಬಿನ ಗಾಯದ ಮೇಲೆ ಹೋಗಿ ನಿಂತಿತು. ಇನ್ನೊಂದು ಕೈ ತನ್ನ ಹುಬ್ಬಿಗೆ ಹೋಯಿತು.

"ಇದು ನಾನಲ್ವೇನೋ ಶಶಿ?" ಎಂದಳು. ಆಮೇಲೆ ಸಿಟ್ಟು ಬಂತು. "ನನ್ನ ಫೋಟೋ ಯಾಕೋ ಹಾಕ್ಸಿದೀಯ? ನಾನೇನು ಕಳೆದೋಗಿದೀನಾ?"

"ಇಲ್ಲಮ್ಮ. ನೀನು ಇಲ್ಲೇ ಇದೀಯ."

ಅವನು ಎದ್ದು ಗೋಡೆಯ ಮೇಲಿನ ಪೋಸ್ಟರಿನ ಮೂಲೆಗೆ ಉಗುರು ಹಾಕಿ ಎಳೆದ. ಅರ್ಧ ಕಿತ್ತುಬರುವಷ್ಟರಲ್ಲಿ ನರಸಮ್ಮ ಅವನ ಮುಂಗೈ ಹಿಡಿದಳು. ಸೊರಗಿದ ಕೈಯಾದರೂ ಹಿಡಿತ ಬಿಗಿಯಾಗಿತ್ತು.

"ಹರೀಬೇಡ್ವೋ. ಪಾಪ, ಅವಳ ಮಗ ಬಂದು ನೋಡ್ಬೇಕಲ್ಲ."

"ನೋಡ್ದ ಕಣಮ್ಮ," ಎಂದ ಶಶಿಕುಮಾರ್. "ಈಗ ತಾನೇ ನೋಡ್ದ."

ನರಸಮ್ಮ ಅವನ ಮುಖವನ್ನೇ ದಿಟ್ಟಿಸಿದಳು. ಕೈ ಬಿಟ್ಟಳು.

"ಹಂಗಾದ್ರೆ ಸರಿ," ಎಂದು ಮಗನ ಭುಜ ಊರಿ ಎದ್ದು ನಿಂತಳು.